ಸ್ಟೇಷನ್ನಿಗೆ ತಂದ ಊಟ

ಅಜ್ಜಿ ಧಾರವಾಡದಲ್ಲಿ ತೀರಿಕೊಂಡದ್ದು ಒಂದು ಶನಿವಾರ ಬೆಳಿಗ್ಗೆ. ಆಗ ನನಗೆ ಎಂಟು ವರ್ಷ. ಅಪ್ಪನ ನೌಕರಿಗಾಗಿ ನಾವು ಟೋಕಿಯೊದ ಹೊರವಲಯದಲ್ಲಿದ್ದೆವು. ಸುದ್ದಿ ಬಂದಾಗ ಅಪ್ಪ ಆಫೀಸಿನಲ್ಲಿದ್ದರು. ಅಮ್ಮ ಸ್ಟೀಲ್ ಡಬ್ಬಿಗೆ ಚಪಾತಿ, ಬದನೆಕಾಯಿ ಪಲ್ಯ ತುಂಬಿ, ನನ್ನನ್ನು ಕರೆದುಕೊಂಡು ಸ್ಟೇಷನ್ನಿಗೆ ನಡೆದಳು.

"ಮನ್ಯಾಗ ಫೋನ್ ಬಡ್ಕೋತನ ಇರ್ತದ. ಸುದ್ದಿ ಕೇಳಿದ್ರ ಅವರು ನಾಳೆತನಕ ಒಂದು ತುತ್ತೂ ಮುಟ್ಟಂಗಿಲ್ಲ. ಮೊದ್ಲು ಉಣ್ಲಿ, ಆಮ್ಯಾಲೆ ನಾ ಹೇಳ್ತೀನಿ. ನೀ ಬಾಯಿ ಬಿಡಬ್ಯಾಡ," ಎಂದಳು.

ಅಪ್ಪ ಟಿಕೆಟ್ ಗೇಟು ದಾಟಿ ಬಂದರು. ಡಬ್ಬಿ ನೋಡಿ ನಕ್ಕರು. "ಏನಿದು, ಇಲ್ಲೇ ಪಂಕ್ತಿ ಹಾಕೀರೇನು?"

ಗೇಟಿನ ಪಕ್ಕದ ಬೆಂಚಿನ ಮೇಲೆ ಕೂತು ಉಂಡರು. ಅಲ್ಲಿ ಯಾರೂ ಹಾಗೆ ಉಣ್ಣುತ್ತಿರಲಿಲ್ಲ. ಬೆಳ್ಳುಳ್ಳಿ ವಾಸನೆಗೆ ಇಬ್ಬರು ತಿರುಗಿ ನೋಡಿದರು. ಪ್ರತಿ ರೈಲು ಹೊರಡುವ ಮುನ್ನ ಮೇಲಿನ ಪ್ಲಾಟ್‌ಫಾರ್ಮಿನಿಂದ ಪುಟ್ಟ ರಾಗವೊಂದು ಕೇಳುತ್ತಿತ್ತು.

"ನಮ್ಮವ್ವ ಫೋನ್ ಮಾಡಿದ್ಲೇನು?" ಅಪ್ಪ ನನ್ನನ್ನು ಕೇಳಿದರು.

"ಇಲ್ಲಪ್ಪಾ," ಎಂದೆ.

"ಇನ್ನೊಂದು ಚಪಾತಿ ತಗೋರಿ," ಎಂದಳು ಅಮ್ಮ.

ಡಬ್ಬಿ ಖಾಲಿಯಾದ ಮೇಲೆ ಅವಳು ಹೇಳಿದಳು. ಅಪ್ಪ ಬಹಳ ಹೊತ್ತು ಡಬ್ಬಿಯ ಮುಚ್ಚಳ ಹಾಕಲು ನೋಡಿದರು. ಅದು ಕೂರಲಿಲ್ಲ.

ಈಗ ನಾವು ಸಿಡ್ನಿಯಲ್ಲಿದ್ದೇವೆ. ಅಪ್ಪ ಎಂಟು ದಿನಗಳಿಂದ ಆಸ್ಪತ್ರೆಯಲ್ಲಿದ್ದರು. ನಿನ್ನೆ ಸಂಜೆ ನಾನು ಚಾಟ್ಸ್‌ವುಡ್‌ನ ಆಫೀಸು ಮುಗಿಸಿ ಪ್ಯಾರಮಟ್ಟಾ ಸ್ಟೇಷನ್ನಿನಲ್ಲಿ ಇಳಿದೆ. ಗೇಟಿನಾಚೆ ಅಮ್ಮ ನಿಂತಿದ್ದಳು. ಅವಳ ಕೈಯಲ್ಲಿ ಡಬ್ಬಿಯಿತ್ತು.