ಸ್ವತಂತ್ರ ನಿರ್ದೇಶಕಿ

"ಇಷ್ಟು ದಿನ ನಮ್ಮ ದೇಶದ ಕಂಪನಿ ಕಾನೂನು ಕಣ್ಣು ಮುಚ್ಚಿಕೊಂಡು ಕೂತಿತ್ತು ಕಣೇ. ಈಗ ಅದನ್ನ ನೆರೆದೇಶಗಳ ಒಕ್ಕೂಟದ ನಿಯಮಕ್ಕೆ ಹೊಂದಿಸಿಬಿಟ್ಟಿದ್ದಾರೆ. ಸ್ವತಂತ್ರ ನಿರ್ದೇಶಕರು ಅಂದ್ರೆ ಅಧ್ಯಕ್ಷನಿಗೆ ನಂಟೇ ಇಲ್ಲದವರಾಗಿರಬೇಕಂತೆ. ಅಧ್ಯಕ್ಷ ನಾನು, ನನ್ನ ಹೆಂಡತಿ ನೀನು ಆ ಜಾಗದಲ್ಲಿ ಇರೋ ಹಾಗಿಲ್ಲ," ಎಂದ ಗಂಡ.

"ಹಾಗಾದ್ರೆ ರಾಜೀನಾಮೆ ಕೊಡಲಾ?"

"ಅಯ್ಯೋ ಬೇಡ, ಹೊರಗಿನವರು ಬಂದು ಕೂತರೆ ತಲೆನೋವು. ವಿಚ್ಛೇದನ ತಗೊಳ್ಳೋಣ, ಬರೀ ಕಾಗದದ ಮೇಲೆ. ಮನೇಲಿ ಎಲ್ಲ ಹಿಂದಿನ ಹಾಗೇ."

ಗಂಡನ ಮಾತೆಂದರೆ ಅವಳಿಗೆ ವೇದವಾಕ್ಯ. ನಗುತ್ತಲೇ ಸಹಿ ಹಾಕಿದಳು. ವಿಚ್ಛೇದನ ಸಿಕ್ಕ ದಿನ ಕೋರ್ಟಿನಿಂದ ಬಂದು ಅವನಿಗಿಷ್ಟದ ಒತ್ತುಶಾವಿಗೆ ಮಾಡಿದಳು.

ಮುಂದಿನ ಮಂಡಳಿ ಸಭೆಯಲ್ಲಿ ಅವನು ಎದ್ದು ನಿಂತು, ಅವಳತ್ತ ತಿರುಗಿ ಕೈಮುಗಿದ.

"ತಾವೀಗ ವಾಸವಿರುವ ಕಂಪನಿ ಮನೆಯನ್ನು ನನ್ನ ಹೊಸ ಹೆಂಡತಿಯ ಹೆಸರಿಗೆ ಮಾಡಬೇಕಾಗಿದೆ. ಸಂಬಂಧಿಕರ ವ್ಯವಹಾರ ನೋಡಿ, ಸ್ವತಂತ್ರ ನಿರ್ದೇಶಕರ ಒಪ್ಪಿಗೆ ಬೇಕೇ ಬೇಕು, ಮೇಡಂ."