ಬೇಕೆಂದೇ ಮಾಡಿದ ತಪ್ಪು

ಏಳು ವರ್ಷದ ಹುಡುಗಿ ಚಿತ್ರದಲ್ಲಿದ್ದ ಹಾಗೆಯೇ ಮರದ ತುಂಡುಗಳನ್ನು ಜೋಡಿಸಿ, ಆಮೇಲೆ ಒಂದನ್ನು ಬೇಕೆಂದೇ ತಲೆಕೆಳಗು ಮಾಡಿದಳು. ಮಕ್ಕಳ ಮಿದುಳಿನ ಬೆಳವಣಿಗೆಯ ಸಂಶೋಧನೆಗೆಂದು ಅಮ್ಮ ವಾರವಾರ ಈ ಪ್ರಯೋಗಾಲಯಕ್ಕೆ ಕರೆತರುತ್ತಿದ್ದುದು ಮಾತು ಬಾರದ ಅಣ್ಣನನ್ನು. ಅವನ ಜೊತೆ ಹೋಲಿಸಿ ನೋಡಲು ತಂಗಿಯನ್ನು ಇವತ್ತೊಂದು ದಿನ ಕರೆಸಿದ್ದರು.

"ಸರಿಯಾಗೇ ಇತ್ತಲ್ಲ ಪುಟ್ಟಿ, ಯಾಕೆ ಕೆಡಿಸ್ದೆ?" ಸಂಶೋಧಕಿ ಕೇಳಿದಳು.

"ಎಲ್ಲಾ ಸರಿ ಮಾಡಿದ್ರೆ ಇನ್ನು ಬರಬೇಡ ಅಂತೀರಲ್ಲ ಆಂಟಿ. ಅಮ್ಮ, ಅಣ್ಣ ಬಸ್ಸಲ್ಲಿ ಬರ್ತಾರೆ. ನಾನೊಬ್ಳೇ ಪಕ್ಕದ್ಮನೇಲಿ ಇರ್ಬೇಕು."

ಅವಳನ್ನು ಕರೆದೊಯ್ಯಲು ಬಂದಿದ್ದ ಅಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಒಳಗೆ ಬಂದು, ಪುಟ್ಟ ಕುರ್ಚಿಯಲ್ಲಿ ಕೂತು, ಮಗಳನ್ನು ತೊಡೆಯ ಮೇಲೆ ಎಳೆದುಕೊಂಡಳು. ಹುಡುಗಿ ಒರಗಲಿಲ್ಲ, ಎರಡೂ ಕಾಲನ್ನು ನೆಲಕ್ಕೆ ಊರಿ, ಅರ್ಧ ಎದ್ದಂತೆಯೇ ಕೂತು ಕೇಳಿದಳು: "ಭಾರ ಆಗ್ತಿದೀನಾ ಅಮ್ಮಾ?"