ತುರುಬಿನ ಗೂಡು

ಊರಿನ ಕೊನೆಯ ಮರ ಉರುಳಿದ ಮೇಲೆ ಹಕ್ಕಿಗಳು ಮನುಷ್ಯರ ತಲೆಗೂದಲಲ್ಲೇ ಗೂಡು ಕಟ್ಟತೊಡಗಿದ್ದವು. ಫಕೀರವ್ವನ ತುರುಬನ್ನು ಒಂದು ಪಿಕಳಾರ ಆರಿಸಿಕೊಂಡು ಮೂರು ಮೊಟ್ಟೆ ಇಟ್ಟಿತ್ತು. ಎಂಟು ದಿನಗಳಿಂದ ಅವಳು ಗೋಡೆಗೆ ಬೆನ್ನು ಕೊಟ್ಟು ಕೂತೇ ನಿದ್ದೆ ಮಾಡುತ್ತಿದ್ದಳು. ಬಸ್ಸಿನಲ್ಲಿ ಜನ ತಾವಾಗಿಯೇ ಎದ್ದು ಸೀಟು ಬಿಡುತ್ತಿದ್ದರು.

ನೂಲಿನ ಗಿರಣಿಯಲ್ಲಿ ಮಾತ್ರ ಸೂಪರ್‌ವೈಸರ್ ಬಸಲಿಂಗಪ್ಪ ರಜೆ ಮುಗಿಸಿ ಕೆಲಸಕ್ಕೆ ಬಂದ ಅವಳನ್ನು ಬಾಗಿಲಲ್ಲೇ ತಡೆದ.

"ಟೊಪಿಗಿ ಇಲ್ಲದ ಒಳಗ ಬಿಡಂಗಿಲ್ಲ. ಆ ಕಸಾ ಕಿತ್ತು ಒಗದು ಬಾ."

"ಕಸಾ ಅಲ್ರಿ ಸಾಹೇಬ್ರ, ತತ್ತಿ ಅದಾವ."

"ಹಂಗಾರ ಮನಿಗಿ ನಡಿ. ನಾಳಿಂದ ಬರಬ್ಯಾಡ."

ಫಕೀರವ್ವನ ಮೈಯೆಲ್ಲ ಉರಿಯಿತು. ಹೋದ ವರ್ಷ ಗಿರಣಿಯ ಧಣಿಯ ತಲೆಯಲ್ಲಿ ಸೂರಕ್ಕಿ ಗೂಡು ಕಟ್ಟಿದಾಗ ಇದೇ ಬಸಲಿಂಗಪ್ಪ ಹಾರ ಹಾಕಿ, ಪೇಡೆ ಹಂಚಿ, ಮರಿ ಹಾರುವವರೆಗೂ ಪಕ್ಕದಲ್ಲಿ ನಿಂತು ಗಾಳಿ ಬೀಸಿದ್ದ.

"ಧಣ್ಯಾರ ತಲಿಮ್ಯಾಲೆ ಕಟ್ಟಿದ್ರ ಗೂಡು, ನನ್ನ ತಲಿಮ್ಯಾಲೆ ಕಟ್ಟಿದ್ರ ಕಸಾ ಏನ್ರಿ?"

ಅವನು ತುರುಬಿಗೇ ಕೈ ಹಾಕಿದ. ಪಿಕಳಾರ ಚೀರಿ ಮೇಲೆದ್ದಿತು. ಫಕೀರವ್ವ ಅವನ ಮಣಿಕಟ್ಟು ಹಿಡಿದು ತಿರುವಿದಳು. ಹದಿನಾರು ವರ್ಷ ಗಿರಣಿಯಲ್ಲಿ ದುಡಿದ ಕೈಯದು. ಅವನ ಮುಖ ಕಪ್ಪಿಟ್ಟಿತು. ಒಳಗೆ ಯಾರೋ ಒಬ್ಬಳು ತನ್ನ ಯಂತ್ರ ನಿಲ್ಲಿಸಿದಳು. ಆಮೇಲೆ ಇನ್ನೊಬ್ಬಳು, ಮತ್ತೊಬ್ಬಳು. ಗಿರಣಿಯ ಸದ್ದೇ ಅಡಗಿತು.

ಫಕೀರವ್ವ ಕತ್ತು ಬಗ್ಗಿಸದೆ ನೆಟ್ಟಗೆ ನಡೆದು ಹೋಗಿ ಅವನ ಕುರ್ಚಿಯಲ್ಲಿ ಕೂತಳು. ಹಕ್ಕಿ ಇಳಿದು ಬಂದು ಮೊಟ್ಟೆಗಳ ಮೇಲೆ ಕೂತಿತು.

"ಮರಿ ಹಾರಾಕ ಇನ್ನ ಇಪ್ಪತ್ತ ದಿನ ಬೇಕು," ಎಂದಳು. "ಅಲ್ಲೀತನಕ ನಾ ಇಲ್ಲೇ ಕುಂದ್ರತೀನಿ. ನೀವು ನಿಲ್ರಿ."